ಜಾಝ್ ಎಲ್ಲಿಂದ ಶುರು ಮಾಡಲಿ? ಒಂದು ರೆಕಾರ್ಡು, ಒಂದು ಹಳೆಯ ವಿಡಿಯೊ

‘ಜಾಝ್ ಕೇಳಬೇಕು ಅಂತ ಆಸೆ, ಯಾವ ಆಲ್ಬಂನಿಂದ ಶುರು ಮಾಡಲಿ?’ ಹೀಗೆ ಕೇಳುವವರಲ್ಲಿ ಅನೇಕರು ಕರ್ನಾಟಕ ಸಂಗೀತವನ್ನು ಚೆನ್ನಾಗಿ ಕೇಳಿ ಬಲ್ಲವರು. ಅವರಿಗೆ ನನ್ನ ಉತ್ತರ: ಒಂದು ಆಲ್ಬಂ ಸಾಲದು, ಒಂದು ಜೋಡಿ ಬೇಕು. ಒಂದೇ ರಚನೆಯ ಸ್ಟುಡಿಯೊ ರೆಕಾರ್ಡು, ಜೊತೆಗೆ ಅದನ್ನೇ ಅದೇ ದಿನಗಳಲ್ಲಿ ಕ್ಯಾಮೆರಾ ಮುಂದೆ ನುಡಿಸಿದ ವಿಡಿಯೊ. ಎರಡರಲ್ಲೂ ಹಾಗೇ ಉಳಿದದ್ದು ರಚನೆ, ಬದಲಾದದ್ದು ಮನೋಧರ್ಮ. ಆ ಗೆರೆ ಕಣ್ಣಿಗೆ ಬಿದ್ದ ಮೇಲೆ ನೂರು ಆಲ್ಬಂಗಳ ಪಟ್ಟಿ ಬೇಕಾಗುವುದಿಲ್ಲ.

ಮೊದಲ ಜೋಡಿ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ‘ಸೋ ವಾಟ್’. ‘ಕೈಂಡ್ ಆಫ್ ಬ್ಲೂ’ ಆಲ್ಬಂಗಾಗಿ ಅದು ರೆಕಾರ್ಡ್ ಆದದ್ದು ಮಾರ್ಚ್ 2, 1959ರಂದು. ಆಲ್ಬಂನ ಉಳಿದ ಕೆಲಸ ಮುಗಿದದ್ದು ಏಪ್ರಿಲ್ 22ರಂದು. ಇವೆರಡರ ನಡುವೆ, ಏಪ್ರಿಲ್ 2ರಂದು, ನ್ಯೂಯಾರ್ಕಿನ ಸಿಬಿಎಸ್ ಟಿವಿ ಸ್ಟುಡಿಯೊದಲ್ಲಿ ‘ರಾಬರ್ಟ್ ಹೆರಿಡ್ಜ್ ಥಿಯೇಟರ್’ ಕಾರ್ಯಕ್ರಮಕ್ಕಾಗಿ ಇದೇ ರಚನೆಯ ಚಿತ್ರೀಕರಣ ನಡೆಯಿತು. ಪ್ರಸಾರವಾದದ್ದು 1960ರ ಜುಲೈನಲ್ಲಿ. ಆಲ್ಬಂನ ‘ಸೋ ವಾಟ್’ನಲ್ಲಿ ಪಿಯಾನೊ ಬಿಲ್ ಇವಾನ್ಸ್ ಅವರದು, ವಿಡಿಯೊದಲ್ಲಿ ವಿಂಟನ್ ಕೆಲ್ಲಿ ಅವರದು. ಆಲ್ಟೊ ಸ್ಯಾಕ್ಸೊಫೋನಿನ ಕ್ಯಾನನ್‌ಬಾಲ್ ಆಡರ್ಲಿ ವಿಡಿಯೊದಲ್ಲಿ ಇಲ್ಲ. ಟೆನರ್ ಸ್ಯಾಕ್ಸೊಫೋನಿನ ಜಾನ್ ಕಾಲ್ಟ್ರೇನ್, ಬಾಸ್‌ನ (ಮಂದ್ರ ಸ್ವರದ ದೊಡ್ಡ ತಂತಿವಾದ್ಯ) ಪಾಲ್ ಚೇಂಬರ್ಸ್, ಡ್ರಮ್ಸ್‌ನ ಜಿಮ್ಮಿ ಕಾಬ್ ಎರಡರಲ್ಲೂ ಇದ್ದಾರೆ.

ಮೊದಲು ರೆಕಾರ್ಡನ್ನೇ ಕೇಳಿ, ಕೈಯಲ್ಲಿ ಆದಿತಾಳ ಹಾಕಿಕೊಂಡು. ಶುರುವಿನ ಭಾಗ ತಾಳಕ್ಕೆ ಕಟ್ಟುಬಿದ್ದಿಲ್ಲ, ಅಲ್ಲಿ ಕೈ ಸುಮ್ಮನಿರಲಿ. ಮುಖ್ಯ ಧಾಟಿಯನ್ನು ಎತ್ತಿಕೊಳ್ಳುವುದು ಬಾಸ್. ಉಳಿದವರು ಎರಡೇ ಕಾರ್ಡುಗಳಲ್ಲಿ (ಒಟ್ಟಿಗೆ ನುಡಿಯುವ ಸ್ವರಗುಚ್ಛಗಳಲ್ಲಿ) ಅದಕ್ಕೆ ಉತ್ತರ ಕೊಡುತ್ತಾರೆ. ಅದು ಮುಗಿದ ಮೇಲೆ ಬಾಸ್ ನಡೆಯತೊಡಗುತ್ತದೆ. ಅದರ ಒಂದೊಂದು ಸ್ವರಕ್ಕೆ ಒಂದೊಂದು ಅಕ್ಷರ ಎಣಿಸಿ. ಒಂದು ಸುತ್ತಿಗೆ, ಅಂದರೆ ಕೋರಸ್‌ಗೆ, 32 ಬಾರ್, ಬಾರಿಗೆ 4 ಎಣಿಕೆ, ಒಟ್ಟು 128. ಆದಿತಾಳದ ಲೆಕ್ಕದಲ್ಲಿ ಸರಿಯಾಗಿ 16 ಆವರ್ತ. ಸ್ವರಗಳು ಡೋರಿಯನ್ ಮೋಡಿನವು, ಅಂದರೆ ನಮ್ಮ ಖರಹರಪ್ರಿಯದವೇ. ಮೊದಲ 8 ಆವರ್ತ ಡಿ ಶ್ರುತಿಯಲ್ಲಿ. ಮುಂದಿನ 4 ಆವರ್ತದಲ್ಲಿ ಷಡ್ಜವೇ ಅರ್ಧ ಸ್ವರ ಮೇಲೇರುತ್ತದೆ. ಕೊನೆಯ 4ಕ್ಕೆ ಮತ್ತೆ ಡಿ.

ಹೊಸಬರು ಲೆಕ್ಕ ತಪ್ಪುವ ಜಾಗ ಹೆಚ್ಚುಕಡಿಮೆ ಒಂದೇ. ಸುತ್ತಿನ ಕೊನೆಯ 4 ಆವರ್ತಕ್ಕೆ ಮುಂದಿನ ಸುತ್ತಿನ ಮೊದಲ 8 ಸೇರಿಕೊಂಡು 12 ಆವರ್ತ ಶ್ರುತಿ ಅಲುಗಾಡುವುದೇ ಇಲ್ಲ. ಸಮ ಎಲ್ಲಿ ಬಂತೆಂದು ತಿಳಿಯದೆ ಕೈ ನಿಂತುಬಿಡುತ್ತದೆ. ಆಗ ಹಿಂದಕ್ಕೆ ಹೋಗಬೇಡಿ. ಷಡ್ಜ ಮೇಲೇರುವ ಕ್ಷಣಕ್ಕೆ ಕಾಯಿರಿ, ಅದೇ 9ನೇ ಆವರ್ತ. ಇನ್ನೊಂದು ತೊಡಕು: ಡ್ರಮ್ಮರ್ ಎಡಗಾಲಿನಿಂದ ಹೈ-ಹ್ಯಾಟ್ ಎಂಬ ಜೋಡಿ ಲೋಹದ ತಟ್ಟೆ ಮುಚ್ಚುವುದು 2 ಮತ್ತು 4ನೇ ಎಣಿಕೆಗೆ. ಆ ‘ಚಿಕ್’ ಸದ್ದನ್ನೇ ಸಮವೆಂದು ಹಿಡಿದರೆ ಒಂದು ಎಣಿಕೆ ಜಾರಿತು.

ಆಲ್ಬಂನಲ್ಲಿ ಡೇವಿಸ್, ಕಾಲ್ಟ್ರೇನ್, ಆಡರ್ಲಿ ಎರಡೆರಡು ಸುತ್ತು ನುಡಿಸುತ್ತಾರೆ, ಇವಾನ್ಸ್ ಒಂದು. ಈ ಲೆಕ್ಕ ಕೈಗೆ ಹತ್ತಿದ ಮೇಲೆ ವಿಡಿಯೊ ಹಚ್ಚಿ. ಕಾಲ ಚುರುಕಾಗಿದೆ, ಆದಿತಾಳ ಹಾಕುವುದು ಕಷ್ಟ ಅನ್ನಿಸಿದರೆ ಎರಡು ಅಕ್ಷರಕ್ಕೆ ಒಂದು ತಟ್ಟು ಸಾಕು. ಯಾರು ಎಷ್ಟು ಸುತ್ತು ತೆಗೆದುಕೊಂಡರು ಎಂದು ಬರೆದಿಟ್ಟುಕೊಳ್ಳಿ. ಎರಡನೇ ಸಲ ಕಾಬ್ ಅವರ ಬಲಗೈ ಮಾತ್ರ ನೋಡಿ. ಮೂರನೇ ಸಲ ಕೆಲ್ಲಿ: ಕಾಲ್ಟ್ರೇನ್ ನುಡಿಸುತ್ತಿರುವಾಗ ಪಿಯಾನೊ ಎಲ್ಲಿ ಮಾತಾಡುತ್ತದೆ, ಎಲ್ಲಿ ಸುಮ್ಮನಾಗುತ್ತದೆ? ಇವಾನ್ಸ್ ಮತ್ತು ಕೆಲ್ಲಿ ನಡುವಿನ ವ್ಯತ್ಯಾಸ ಇಲ್ಲಿ ತಿಳಿಯುವಷ್ಟು ಯಾವ ವಿಮರ್ಶೆಯಿಂದಲೂ ತಿಳಿಯುವುದಿಲ್ಲ.

ಇದನ್ನೆಲ್ಲ ಫೋನಿನ ಸ್ಪೀಕರಿನಲ್ಲಿ ಮಾಡಲು ಹೋಗಬೇಡಿ. ಬಾಸ್‌ನ ಅತಿ ಕೆಳಗಿನ ತಂತಿ ಸುಮಾರು 41 ಹರ್ಟ್ಸ್. ಅಷ್ಟು ಮಂದ್ರವನ್ನು ಆ ಪುಟ್ಟ ಸ್ಪೀಕರ್ ಕೊಡಲಾರದು. ಬಾಸ್ ಕೇಳದಿದ್ದರೆ ತಾಳವೇ ಕೇಳಲಿಲ್ಲ. ಸಾಧಾರಣ ಇಯರ್‌ಫೋನ್ ಸಾಕು.

ಆಲ್ಬಂ, ವಿಡಿಯೊ ಎರಡರ ಶ್ರುತಿ ಕೂಡದಿದ್ದರೆ ನಿಮ್ಮ ಕಿವಿಯನ್ನು ಬೈದುಕೊಳ್ಳಬೇಡಿ. ಮಾರ್ಚ್ 2ರಂದು ಸ್ಟುಡಿಯೊದ ಮುಖ್ಯ ಟೇಪ್ ಯಂತ್ರ ನಿಧಾನವಾಗಿ ಓಡಿತ್ತು. ಆ ಟೇಪನ್ನು ಸರಿಯಾದ ವೇಗದಲ್ಲಿ ಓಡಿಸಿ ತೆಗೆದ ಹಳೆಯ ಮುದ್ರಣಗಳ ಮೊದಲ ಬದಿ ಸ್ವಲ್ಪ ಮೇಲಿನ ಶ್ರುತಿಯಲ್ಲಿದೆ. ಸರಿಪಡಿಸಿದ ಆವೃತ್ತಿ ಬಂದದ್ದು 1992ರಲ್ಲಿ. ಬೇರೆ ವಿಡಿಯೊಗಳಲ್ಲಿ ಇನ್ನೊಂದು ಕಾರಣವಿರಬಹುದು: ಸೆಕೆಂಡಿಗೆ 24 ಚೌಕಟ್ಟಿನ ಫಿಲ್ಮನ್ನು ಯೂರೋಪಿನ 25ರ ಟಿವಿ ಪದ್ಧತಿಗೆ ಹಾಗೇ ಓಡಿಸಿದರೆ ವೇಗ 4 ಶೇಕಡಾ ಹೆಚ್ಚಿ, ಶ್ರುತಿ ಅರ್ಧಸ್ವರದ ಸುಮಾರು ಮುಕ್ಕಾಲು ಪಾಲಿನಷ್ಟು ಏರುತ್ತದೆ.

ಕಂಡದ್ದೂ ಕೇಳಿದ್ದೂ ಒಂದೇ ಹೊತ್ತಿನದೇ ಎಂಬುದನ್ನೂ ನೋಡಿಕೊಳ್ಳಬೇಕು. 1940ರ ದಶಕದ ‘ಸೌಂಡೀಸ್’ ಎಂಬ ಕಿರುಚಿತ್ರಗಳಲ್ಲಿ ಮೊದಲು ಸಂಗೀತ ರೆಕಾರ್ಡ್ ಮಾಡಿ, ಆಮೇಲೆ ಅದಕ್ಕೆ ನುಡಿಸಿದಂತೆ ನಟಿಸುತ್ತಿದ್ದರು. ಟೆನರ್ ಸ್ಯಾಕ್ಸೊಫೋನಿನ ಲೆಸ್ಟರ್ ಯಂಗ್ ಇರುವ, 1944ರ ‘ಜ್ಯಾಮಿನ್ ದ ಬ್ಲೂಸ್’ ಕೂಡ ಅಂಥದೇ. ಬಲು ಚೆಂದದ ಚಿತ್ರ, ಆದರೆ ಬೆರಳು ನೋಡಿ ಕಲಿಯಲು ತಕ್ಕದ್ದಲ್ಲ. ಮೈಕ್ ಎಲ್ಲೂ ಕಾಣದಿದ್ದರೆ, ಸ್ನೇರ್ ಡ್ರಮ್ ಮೇಲೆ ಕೋಲು ಬೀಳುವುದಕ್ಕೂ ಸದ್ದಿಗೂ ಒಮ್ಮೆ ಹೊಂದಿ ಒಮ್ಮೆ ಹೊಂದದಿದ್ದರೆ ಅನುಮಾನಪಡಿ. ಇಡೀ ವಿಡಿಯೊ ಒಂದೇ ಅಂತರದಲ್ಲಿ ಹಿಂದೆ ಬಿದ್ದಿದ್ದರೆ ಅದು ಬರೀ ಜೋಡಣೆಯ ದೋಷ. ವಿಂಡೋಸ್ ಕಂಪ್ಯೂಟರಿನ ವಿಎಲ್‌ಸಿ ಪ್ಲೇಯರಿನಲ್ಲಿ ‘ಜೆ’, ‘ಕೆ’ ಕೀಲಿಗಳು ಸದ್ದನ್ನು 50 ಮಿಲಿಸೆಕೆಂಡಿನಷ್ಟು ಹಿಂದೆ ಮುಂದೆ ಸರಿಸುತ್ತವೆ. ಸೌಂಡೀಸ್ ತೋರಿಸುವ ಯಂತ್ರದೊಳಗೆ ಕನ್ನಡಿಗಳಿದ್ದುದರಿಂದ ಪ್ರತಿಗಳನ್ನು ಎಡಬಲ ತಿರುಗಿಸಿ ಅಚ್ಚು ಹಾಕುತ್ತಿದ್ದರು. ಟ್ರಂಪೆಟ್ಟಿನ ಕೀಲಿಗಳನ್ನು ಎಲ್ಲರೂ ಎಡಗೈಯಲ್ಲೇ ಒತ್ತುತ್ತಿದ್ದರೆ ಚಿತ್ರ ತಿರುಗಿದೆ ಎಂದರ್ಥ.

ಎರಡನೇ ಜೋಡಿ ಗಾಯಕಿ ಬಿಲ್ಲಿ ಹಾಲಿಡೇ ಅವರ ‘ಫೈನ್ ಅಂಡ್ ಮೆಲೊ’. ಡಿಸೆಂಬರ್ 8, 1957ರಂದು ಸಿಬಿಎಸ್‌ನ ‘ದ ಸೌಂಡ್ ಆಫ್ ಜಾಝ್’ ಕಾರ್ಯಕ್ರಮದಲ್ಲಿ ನೇರ ಪ್ರಸಾರವಾದದ್ದು. ಅದೇ ಹೆಸರಿನ ಎಲ್‌ಪಿ ಅದಕ್ಕೆ ನಾಲ್ಕು ದಿನ ಮೊದಲಿನ ರೆಕಾರ್ಡಿಂಗ್. ಎರಡನ್ನೂ ಒಂದೇ ಎಂದು ತಿಳಿಯುವುದು ಸಾಮಾನ್ಯ ತಪ್ಪು. 12 ಬಾರಿನ ಬ್ಲೂಸ್, ಅಂದರೆ 6 ಆವರ್ತ: ಒಂದು ಸಾಲು 2 ಆವರ್ತ, ಅದೇ ಸಾಲು ಮತ್ತೊಮ್ಮೆ, ಆಮೇಲೆ ಉತ್ತರದ ಸಾಲು. ಸ್ಯಾಕ್ಸೊಫೋನಿನ ಬೆನ್ ವೆಬ್‌ಸ್ಟರ್ ಆದ ಮೇಲೆ ಲೆಸ್ಟರ್ ಯಂಗ್ ಎದ್ದು ನಿಂತು ಒಂದೇ ಸುತ್ತು ನುಡಿಸುತ್ತಾರೆ. ಸ್ವರಗಳು ಬಹಳ ಕಡಿಮೆ, ನಡುವಿನ ಮೌನ ಬಹಳ. ಆ 6 ಆವರ್ತವನ್ನು ಒಮ್ಮೆ ತಾಳ ಹಾಕಿ ಕೇಳಿ. ಇನ್ನೊಮ್ಮೆ ತಾಳ ಬಿಟ್ಟು, ಕೇಳುತ್ತಿರುವ ಹಾಲಿಡೇ ಅವರ ಮುಖ ಮಾತ್ರ ನೋಡಿ. ಯಂಗ್ ತೀರಿಕೊಂಡದ್ದು 1959ರ ಮಾರ್ಚ್‌ನಲ್ಲಿ, ಹಾಲಿಡೇ ಅದೇ ವರ್ಷದ ಜುಲೈನಲ್ಲಿ.