ಕ್ಯಾಪ್ಟನ್ ಆಗುವವರೆಗೆ ಓಟ, ಆಮೇಲೆ ಕ್ಯೂ

ಬ್ಯಾಟಲ್‌ಶಿಪ್, ಅಂದರೆ ದೊಡ್ಡ ತೋಪುಗಳ ಯುದ್ಧಹಡಗುಗಳ ಕಾಲದ ಬ್ರಿಟಿಷ್ ಅಡ್ಮಿರಲ್‌ಗಳ ಬದುಕನ್ನು ಓದುತ್ತಾ ಹೋದರೆ ಒಂದು ವಿಚಿತ್ರ ಕಾಣುತ್ತದೆ. ಇವರಲ್ಲಿ ಬಹಳ ಜನ ಹೆಸರು ಮಾಡಿದ್ದು ಬ್ಯಾಟಲ್‌ಶಿಪ್ ಮೇಲೆ ಅಲ್ಲ, ಸಮುದ್ರದಿಂದ ದೂರದಲ್ಲಿ. ಸುಡಾನಿನ ಮರಳಲ್ಲಿ, ನೈಲ್ ನದಿಯ ಗನ್‌ಬೋಟುಗಳಲ್ಲಿ, ಚೀನಾದ ರೈಲು ಹಳಿಗಳ ಪಕ್ಕದಲ್ಲಿ.

ನೆಪೋಲಿಯನ್ ಯುದ್ಧಗಳು 1815ರಲ್ಲಿ ಮುಗಿದ ಮೇಲೆ ಸುಮಾರು ನೂರು ವರ್ಷ ಬ್ರಿಟನ್ನಿನ ನೌಕಾಪಡೆಯಾದ ರಾಯಲ್ ನೇವಿಗೆ ಸರಿಸಮನಾದ ಎದುರಾಳಿಯೇ ಸಿಗಲಿಲ್ಲ. ಹಡಗುಗಳು ಮರದಿಂದ ಉಕ್ಕಿಗೆ ಬಂದವು, ಹಾಯಿ ಹೋಗಿ ಉಗಿ ಬಂತು, ಆದರೆ ಅವುಗಳನ್ನು ನಡೆಸಬೇಕಾದವರಿಗೆ ಸಮುದ್ರದಲ್ಲಿ ಯುದ್ಧ ಅಂದರೆ ಏನು ಅಂತಲೇ ಗೊತ್ತಿರಲಿಲ್ಲ. ಹಾಗಿರುವಾಗ ಒಬ್ಬ ಆಫೀಸರ್ ಇನ್ನೊಬ್ಬನಿಗಿಂತ ಮುಂದೆ ಹೋಗುವುದು ಹೇಗೆ? ಎಲ್ಲಾದರೂ ಸಣ್ಣ ಯುದ್ಧ ನಡೆದರೆ ಅಲ್ಲಿಗೆ ನುಗ್ಗಬೇಕು, ಅಷ್ಟೇ. ಆರ್ಥರ್ ವಿಲ್ಸನ್ 1884ರಲ್ಲಿ ಸುಡಾನಿನ ಎಲ್ ಟೆಬ್‌ನಲ್ಲಿ ಕತ್ತಿ ಮುರಿದ ಮೇಲೆ ಬರೀ ಮುಷ್ಟಿಯಲ್ಲೇ ಹೊಡೆದಾಡಿ ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಪಡೆದ. ಇದೇ ಮನುಷ್ಯ 1910ರಲ್ಲಿ ಫಸ್ಟ್ ಸೀ ಲಾರ್ಡ್ ಆಗಿ, ಇಡೀ ನೌಕಾಪಡೆಯ ಮುಖ್ಯಸ್ಥನ ಕುರ್ಚಿಯಲ್ಲಿ ಕೂತ.

ಬಡ್ತಿಯ ಪದ್ಧತಿಯೂ ಹಾಗೇ ಇತ್ತು. ಹುಡುಗರು ಹನ್ನೆರಡು ಹದಿಮೂರು ವರ್ಷಕ್ಕೇ ಸೇರಬೇಕು. ಮುಂದೆ ಡ್ರೆಡ್‌ನಾಟ್ ಎಂಬ ಹೊಸ ಬಗೆಯ ಬ್ಯಾಟಲ್‌ಶಿಪ್ ಕಟ್ಟಿಸಿದ ಜಾಕಿ ಫಿಶರ್ 1854ರಲ್ಲಿ ಸೇರಿದಾಗ ಅವನಿಗೆ ಹದಿಮೂರು. ಪರೀಕ್ಷೆಯಲ್ಲಿ ಒಂದು ಪ್ರಾರ್ಥನೆ ಬರೆಸಿದರು, ಬಟ್ಟೆ ಬಿಚ್ಚಿಸಿ ಕುರ್ಚಿ ಹಾರಿಸಿದರು, ಒಂದು ಲೋಟ ಶೆರ್ರಿ ಕೊಟ್ಟರು, ಮುಗಿಯಿತು ಅಂತ ಅವನೇ ಹೇಳಿಕೊಂಡಿದ್ದಾನೆ. ಮಿಡ್‌ಶಿಪ್‌ಮನ್, ಲೆಫ್ಟಿನೆಂಟ್, ಕಮಾಂಡರ್ ಅಂತ ಹತ್ತುತ್ತಾ ಕ್ಯಾಪ್ಟನ್ ಆಗುವವರೆಗೆ ಆಯ್ಕೆ ಇತ್ತು, ಪೈಪೋಟಿ ಇತ್ತು, ದೊಡ್ಡವರ ಪರಿಚಯವೂ ಇತ್ತು. ಒಮ್ಮೆ ಕ್ಯಾಪ್ಟನ್‌ಗಳ ಪಟ್ಟಿಗೆ ಸೇರಿದರೆ ಮಾತ್ರ ಆಮೇಲೆ ಸೀನಿಯಾರಿಟಿ. ಮೇಲಿನವರು ನಿವೃತ್ತಿ ಆಗಬೇಕು ಇಲ್ಲ ಸಾಯಬೇಕು, ಆಗ ನೀವು ಒಂದು ಹೆಜ್ಜೆ ಮುಂದೆ. ನಡುವೆ ಹಡಗು ಸಿಗದಿದ್ದರೆ ಅರ್ಧ ಸಂಬಳದಲ್ಲಿ ಮನೆಯಲ್ಲಿ ಕೂರಬೇಕು. ಹಾಗಾಗಿ ಯಾರು ಚಿಕ್ಕ ವಯಸ್ಸಿನಲ್ಲಿ ಕ್ಯಾಪ್ಟನ್ ಆಗುತ್ತಾರೋ ಅವರ ಭವಿಷ್ಯ ಅಲ್ಲೇ ಅರ್ಧ ತೀರ್ಮಾನ ಆದಂತೆ.

ಡೇವಿಡ್ ಬೀಟಿ ಈ ಲೆಕ್ಕವನ್ನು ಎಲ್ಲರಿಗಿಂತ ಚೆನ್ನಾಗಿ ಆಡಿದವನು, ಬೇಕಂತಲೇ ಆಡಿದನೋ ಅದೃಷ್ಟವೋ, ಅದು ಬೇರೆ ಮಾತು. ನೈಲ್ ನದಿಯ ಗನ್‌ಬೋಟುಗಳಲ್ಲಿ ಸುಡಾನಿನಲ್ಲಿ ಹೋರಾಡುತ್ತಿದ್ದ ಬ್ರಿಟಿಷ್ ಸೇನಾನಿ ಕಿಚನರ್‌ನ ಸೈನ್ಯಕ್ಕೆ ಬೆಂಬಲ ಕೊಟ್ಟು 27ಕ್ಕೆ ಕಮಾಂಡರ್, 1900ರಲ್ಲಿ ಚೀನಾದಲ್ಲಿ ವಿದೇಶಿಯರ ವಿರುದ್ಧ ಎದ್ದ ಬಾಕ್ಸರ್ ದಂಗೆಯಲ್ಲಿ ಟಿಯೆಂಟ್ಸಿನ್ ಬಳಿ ಕೈಗೆ ಗುಂಡು ತಿಂದು 29ಕ್ಕೆ ಕ್ಯಾಪ್ಟನ್. 1898ರಲ್ಲಿ ಸುಡಾನಿನ ಓಮ್ಡರ್ಮನ್ ಯುದ್ಧದ ಹಿಂದಿನ ಸಂಜೆ ಅವನ ಗನ್‌ಬೋಟಿನಿಂದ ದಡದಲ್ಲಿದ್ದ ಒಬ್ಬ ಯುವ ಅಶ್ವದಳದ ಆಫೀಸರ್ ಕಡೆಗೆ ಶಾಂಪೇನ್ ಬಾಟಲಿ ಎಸೆದರಂತೆ. ಅದು ನೀರಿಗೆ ಬಿತ್ತು, ಆ ಆಫೀಸರ್ ನೀರಿಗಿಳಿದು ಎತ್ತಿಕೊಂಡ. ಅವನೇ ವಿನ್‌ಸ್ಟನ್ ಚರ್ಚಿಲ್! 1910ರಲ್ಲಿ 38ನೇ ವಯಸ್ಸಿಗೇ ಅಡ್ಮಿರಲ್‌ಗಳ ಮೊದಲ ಮೆಟ್ಟಿಲಾದ ರಿಯರ್ ಅಡ್ಮಿರಲ್ ಆದ ಬೀಟಿ, ಮುಂದೆ ಅಟ್ಲಾಂಟಿಕ್ ಫ್ಲೀಟಿನ ಎರಡನೇ ಸ್ಥಾನ ಕೊಟ್ಟರೆ ಬೇಡ ಅಂದುಬಿಟ್ಟ. ಬೇರೆ ಯಾರೇ ಆಗಿದ್ದರೂ ಅಲ್ಲಿಗೆ ಕತೆ ಮುಗಿಯುತ್ತಿತ್ತು. ಆದರೆ ಅಡ್ಮಿರಾಲ್ಟಿಯ, ಅಂದರೆ ನೌಕಾ ಇಲಾಖೆಯ, ಮಂತ್ರಿಯಾಗಿ ಬಂದ ಚರ್ಚಿಲ್ 1912ರಲ್ಲಿ ಅವನನ್ನು ತನ್ನ ನೌಕಾ ಕಾರ್ಯದರ್ಶಿ ಮಾಡಿಕೊಂಡ, ಮರುವರ್ಷ ಬ್ಯಾಟಲ್‌ಶಿಪ್‌ಗಿಂತ ವೇಗದ, ಆದರೆ ತೆಳು ಕವಚದ ಬ್ಯಾಟಲ್‌ಕ್ರೂಸರ್‌ಗಳ ದಳವನ್ನೇ ಕೊಟ್ಟ. ಹೆಂಡತಿ ಎಥೆಲ್ ಶಿಕಾಗೋದ ವ್ಯಾಪಾರಿ ಮಾರ್ಷಲ್ ಫೀಲ್ಡ್‌ನ ಮಗಳು, ಅರ್ಧ ಸಂಬಳದ ಭಯ ಇವನಿಗೆ ಇರಲೇ ಇಲ್ಲ. ಅಂದಹಾಗೆ ರಿಯರ್ ಅಡ್ಮಿರಲ್ ಆಗಲು ಬೇಕಾದಷ್ಟು ಕಾಲ ಅವನು ಕ್ಯಾಪ್ಟನ್ ಆಗಿ ಸಮುದ್ರದಲ್ಲಿ ಕಳೆದಿರಲಿಲ್ಲ, ಅದಕ್ಕೆ ವಿಶೇಷ ಆದೇಶವನ್ನೇ ಹೊರಡಿಸಬೇಕಾಯಿತು.

ಜಾನ್ ಜೆಲಿಕೋದು ಬೇರೆಯೇ ದಾರಿ. ವ್ಯಾಪಾರಿ ಹಡಗಿನ ಕ್ಯಾಪ್ಟನ್‌ನ ಮಗ, ಹಣ ಇಲ್ಲ. ತರಬೇತಿ ಹಡಗು ಬ್ರಿಟಾನಿಯಾದಲ್ಲಿ ತರಗತಿಗೇ ಮೊದಲಿಗ, ಆಮೇಲೆ ಗನ್ನರಿಯಲ್ಲಿ ಪರಿಣತಿ, ಫಿಶರ್‌ನ ಕಣ್ಣಿಗೆ ಬಿದ್ದದ್ದು ಅದರಿಂದಲೇ. ಬೀಟಿ ಕೈಗೆ ಗುಂಡು ತಿಂದ ಅದೇ 1900ರ ಚೀನಾ ಯುದ್ಧದಲ್ಲಿ, ಪೀಕಿಂಗಿಗೆ (ಇಂದಿನ ಬೀಜಿಂಗ್) ಹೊರಟ ಅಡ್ಮಿರಲ್ ಸೇಮೋರ್‌ನ ದಂಡಿನಲ್ಲಿದ್ದ ಜೆಲಿಕೋಗೂ ಗುಂಡು ಬಿತ್ತು, ಅದೂ ಶ್ವಾಸಕೋಶಕ್ಕೆ. ಬದುಕುವುದಿಲ್ಲ ಅಂತಲೇ ತಿಳಿದಿದ್ದರು. ಬದುಕಿದ.

ಅದಕ್ಕೂ ಮೊದಲು ಅವನು ಇನ್ನೊಂದು ಸಾವಿನಿಂದ ಪಾರಾಗಿದ್ದ, ಅದನ್ನು ಹೇಳಲೇಬೇಕು. 1893ರ ಜೂನ್ 22, ಲೆಬನಾನಿನ ಟ್ರಿಪೋಲಿ ಹತ್ತಿರ. ಅಡ್ಮಿರಲ್ ಜಾರ್ಜ್ ಟ್ರಯನ್ ಎರಡು ಸಾಲಾಗಿ ಸಾಗುತ್ತಿದ್ದ ಹಡಗುಗಳಿಗೆ ಒಳಮುಖವಾಗಿ ತಿರುಗಲು ಆದೇಶ ಕೊಟ್ಟ. ಸಾಲುಗಳ ನಡುವೆ ಆರು ಕೇಬಲ್, ಅಂದರೆ ಸುಮಾರು 1,100 ಮೀಟರ್ ಮಾತ್ರ. ಇಷ್ಟು ಸಾಲದು, ಕನಿಷ್ಠ ಎಂಟಾದರೂ ಬೇಕು ಅಂತ ಆಫೀಸರ್ ಒಬ್ಬ ಹೇಳಿದ, ಟ್ರಯನ್ ಹೂಂ ಅಂದ, ಆಮೇಲೆ ಆರೇ ಇರಲಿ ಅಂದುಬಿಟ್ಟ. ಎದುರು ಸಾಲನ್ನು ನಡೆಸುತ್ತಿದ್ದ ರಿಯರ್ ಅಡ್ಮಿರಲ್ ಮಾರ್ಕಮ್‌ಗೆ ಅನುಮಾನ, ಅರ್ಥವಾಗಲಿಲ್ಲ ಅಂತ ಬಾವುಟವನ್ನು ಅರ್ಧಕ್ಕೇ ಹಿಡಿದು ನಿಂತ. ಟ್ರಯನ್ ಕಡೆಯಿಂದ ಸಿಗ್ನಲ್ ಬಂತು: ಯಾವುದಕ್ಕೆ ಕಾಯುತ್ತಿದ್ದೀರಿ? ಎಲ್ಲರೆದುರು ಹೀಗೆ ಕೇಳಿಸಿಕೊಂಡ ಮೇಲೆ ಮಾರ್ಕಮ್ ತಿರುಗಿಸಿಯೇ ಬಿಟ್ಟ. ಅವನ ಹಡಗು ಕ್ಯಾಂಪರ್‌ಡೌನ್ ಹೋಗಿ ಟ್ರಯನ್‌ನ ಹಡಗು ವಿಕ್ಟೋರಿಯಾಗೆ ಗುದ್ದಿತು, 358 ಜನ ಸತ್ತರು, ಟ್ರಯನ್ ಕೂಡ. ಎಲ್ಲ ನನ್ನದೇ ತಪ್ಪು ಅಂದನಂತೆ. ಜೆಲಿಕೋ ಆಗ ವಿಕ್ಟೋರಿಯಾದ ಕಮಾಂಡರ್, ಜ್ವರದಿಂದ ಹಾಸಿಗೆ ಹಿಡಿದಿದ್ದವನು ಎದ್ದು ಮೇಲೆ ಬಂದು ನೀರಿಗೆ ಬಿದ್ದ, ಒಬ್ಬ ಮಿಡ್‌ಶಿಪ್‌ಮನ್ ಆಸರೆ ಕೊಟ್ಟ.

ಮುಂದೆ ಜೆಲಿಕೋ ಎಲ್ಲವನ್ನೂ ಬರೆದಿಟ್ಟು, ಅಳೆದು ತೂಗಿ ಮಾಡುವವನಾದ. ಇದಕ್ಕೆ ವಿಕ್ಟೋರಿಯಾವೇ ಕಾರಣ ಅಂತ ನಾನು ಹೇಳುವುದಿಲ್ಲ, ಆದರೆ ಅಂಥದ್ದನ್ನು ಕಂಡವನಿಗೆ ಸುಮ್ನೆ ನುಗ್ಗುವ ಚಪಲ ಇರಲಿಕ್ಕಿಲ್ಲ ಅಲ್ವಾ? ಮೊದಲ ಮಹಾಯುದ್ಧ ಶುರುವಾದಾಗ ಬ್ರಿಟನ್ನಿನ ಮುಖ್ಯ ನೌಕಾದಳ ಗ್ರ್ಯಾಂಡ್ ಫ್ಲೀಟ್ ಅವನ ಕೈಗೆ ಬಂತು. ಶತ್ರು ಓಡುವಂತೆ ನಟಿಸಿ, ನೀರೊಳಗಿನಿಂದ ಬಂದು ಹೊಡೆಯುವ ಟಾರ್ಪಿಡೋಗಳ ಕಡೆ ಎಳೆದರೆ ನಾನು ಹಿಂಬಾಲಿಸುವುದಿಲ್ಲ ಅಂತ 1914ರ ಅಕ್ಟೋಬರಿನಲ್ಲೇ ಅಡ್ಮಿರಾಲ್ಟಿಗೆ ಪತ್ರ ಬರೆದು ಒಪ್ಪಿಗೆ ಪಡೆದಿಟ್ಟುಕೊಂಡಿದ್ದ.

ಇಬ್ಬರ ದಾರಿಯೂ 1916ರ ಮೇ 31ರಂದು ಡೆನ್ಮಾರ್ಕ್ ಹತ್ತಿರ ಜರ್ಮನ್ನರ ಜೊತೆ ನಡೆದ ಜಟ್‌ಲೆಂಡ್ ಸಮುದ್ರಯುದ್ಧದಲ್ಲಿ ಕೂಡಿತು. ಮುಂದೆ ಹೋಗಿದ್ದ ಬೀಟಿಯ ಎರಡು ಬ್ಯಾಟಲ್‌ಕ್ರೂಸರ್‌ಗಳು ಸ್ಫೋಟಗೊಂಡವು. ನಮ್ಮ ಹಡಗುಗಳಿಗೆ ಇವತ್ತು ಏನೋ ಆಗಿದೆ ಅಂತ ಅವನು ಅಂದದ್ದು ಎಲ್ಲರಿಗೂ ಗೊತ್ತು. ಆದರೆ ಅವನ ನಿಜವಾದ ಕೆಲಸ ಶತ್ರು ಎಲ್ಲಿದ್ದಾನೆ ಅಂತ ಹಿಂದಿದ್ದ ಜೆಲಿಕೋಗೆ ತಿಳಿಸುವುದಾಗಿತ್ತು, ಅದನ್ನೇ ಸರಿಯಾಗಿ ಮಾಡಲಿಲ್ಲ. ಜೆಲಿಕೋ ಎರಡು ಸಲ ಕೇಳಬೇಕಾಯಿತು. ಅರೆಬರೆ ಉತ್ತರದ ಮೇಲೆ, ಕೆಲವೇ ಕ್ಷಣಗಳಲ್ಲಿ, ಆರು ಸಾಲಿನ 24 ಬ್ಯಾಟಲ್‌ಶಿಪ್‌ಗಳನ್ನು ಎಡಕ್ಕೆ ಒಂದೇ ಸಾಲಾಗಿ ಹರಡಿದ, ಜರ್ಮನ್ ಹಡಗುಗಳು ನೇರ ಅವನ ತೋಪುಗಳ ಮುಂದೆ ಬಂದವು. ನನ್ನ ಮಟ್ಟಿಗೆ ಆ ದಿನದ ಅತ್ಯುತ್ತಮ ಕೆಲಸ ಅದು. ಆಮೇಲೆ ಟಾರ್ಪಿಡೋ ಬಂದಾಗ ಹೇಳಿದ್ದಂತೆಯೇ ಪಕ್ಕಕ್ಕೆ ತಿರುಗಿದ, ಜರ್ಮನ್ನರು ತಪ್ಪಿಸಿಕೊಂಡರು. ಬ್ರಿಟನ್ನಿನ 6,094 ಜನ ಸತ್ತಿದ್ದರು, ಅವರ ಕಡೆ 2,551. ಊರೆಲ್ಲ ಟ್ರಫಾಲ್ಗರ್ ಥರದ ಪೂರ್ತಿ ಗೆಲುವು ನಿರೀಕ್ಷಿಸಿ ಕೂತಿತ್ತು, ಬೈಗುಳ ಯಾರಿಗೆ ಬಿತ್ತು ಅಂತ ಹೇಳಬೇಕಾಗಿಲ್ಲ.

ಜೆಲಿಕೋನನ್ನು ಫಸ್ಟ್ ಸೀ ಲಾರ್ಡ್ ಮಾಡಿ ಲಂಡನ್ನಿಗೆ ಕರೆಸಿದರು, 1917ರ ಕ್ರಿಸ್‌ಮಸ್ ಹಿಂದಿನ ದಿನ ಪತ್ರ ಕೊಟ್ಟು ಮನೆಗೆ ಕಳಿಸಿದರು. ಗ್ರ್ಯಾಂಡ್ ಫ್ಲೀಟ್ ಬೀಟಿಗೆ ಹೋಯಿತು. ಯುದ್ಧ ಮುಗಿದ ಮೇಲೆ ಬೀಟಿಗೆ ಅರ್ಲ್ ಪದವಿ, ಒಂದು ಲಕ್ಷ ಪೌಂಡು. ಜೆಲಿಕೋಗೆ 1918ರಲ್ಲೇ, ಯುದ್ಧ ಮುಗಿಯುವ ಮೊದಲು, ಅದಕ್ಕಿಂತ ಕೆಳಗಿನ ವೈಕೌಂಟ್ ಪದವಿ ಸಿಕ್ಕಿತ್ತು, ಹಣ ಐವತ್ತು ಸಾವಿರ. 1919ರಲ್ಲಿ ಬೀಟಿ ಫಸ್ಟ್ ಸೀ ಲಾರ್ಡ್ ಆದಾಗ ಕ್ಯಾಪ್ಟನ್ ಹಾರ್ಪರ್ ಎಂಬಾತ ಜಟ್‌ಲೆಂಡ್‌ನ ಅಧಿಕೃತ ದಾಖಲೆ ಬರೆದು ಮುಗಿಸಿದ್ದ. ಬೀಟಿ ಅದನ್ನು ತಿದ್ದಿಸಲು ಹೊರಟ, ಹಾರ್ಪರ್ ಒಪ್ಪಲಿಲ್ಲ. ಎಳೆದಾಟ ಜಾಸ್ತಿಯಾಗಿ ದಾಖಲೆ ಮೂಲೆ ಸೇರಿತು, ಹೊರಗೆ ಬಂದದ್ದು 1927ರಲ್ಲಿ, ಬೀಟಿ ಆ ಕುರ್ಚಿ ಬಿಟ್ಟ ವರ್ಷ.