ತಪ್ಪದೆ ಡೆಂಟಿಸ್ಟ್ ಹತ್ರ ಹೋಗ್ತೀವಿ, ಆದ್ರೂ ಮಗು ಹಲ್ಲು ಹುಳುಕಾಗಿದ್ದು ಯಾಕೆ?

ಬನಶಂಕರಿ ಕಡೆ ನನ್ನದೊಂದು ಪುಟ್ಟ ಕ್ಲಿನಿಕ್ ಇದೆ. ಮಕ್ಕಳ ಹಲ್ಲು ನೋಡುವುದು ನನ್ನ ಕೆಲಸ. ವಾರಕ್ಕೆ ಮೂರ್ನಾಲ್ಕು ಸಲವಾದರೂ ಈ ಮಾತು ಕಿವಿಗೆ ಬೀಳುತ್ತದೆ: "ಮೇಡಂ, ಆರು ತಿಂಗಳಿಗೊಂದ್ಸಲ ತಪ್ಪದೆ ತೋರಿಸ್ತಿದೀವಿ. ಆದ್ರೂ ಹುಳುಕು ಹೇಗೆ ಬಂತು?" ಕೇಳುವವರ ದನಿಯಲ್ಲಿ ಸ್ವಲ್ಪ ಬೇಜಾರು, ಸ್ವಲ್ಪ ಅನುಮಾನ. ಅನುಮಾನ ನನ್ನ ಮೇಲೇ. ಅವರ ತಪ್ಪೇನಿಲ್ಲ ಬಿಡಿ. ದುಡ್ಡು ಕೊಟ್ಟಿರುತ್ತಾರೆ, ಶನಿವಾರ ಸಂಜೆಯ ಟ್ರಾಫಿಕ್ಕಿನಲ್ಲಿ ಒದ್ದಾಡಿಕೊಂಡು ಬಂದಿರುತ್ತಾರೆ.

ನಾನು ಒಂದು ಲೆಕ್ಕ ಹೇಳುತ್ತೇನೆ. ಆರು ತಿಂಗಳು ಅಂದರೆ ಹೆಚ್ಚುಕಡಿಮೆ 180 ದಿನ. ಅಷ್ಟರಲ್ಲಿ ಮಗು ನನ್ನ ಕುರ್ಚಿಯಲ್ಲಿ ಕೂರುವುದು ಅರ್ಧ ಗಂಟೆ. ಉಳಿದ ಹೊತ್ತೆಲ್ಲ ಆ ಬಾಯಿ ಮನೆಯಲ್ಲಿ, ಸ್ಕೂಲಲ್ಲಿ, ವ್ಯಾನಲ್ಲಿ, ಅಜ್ಜಿಯ ಮಡಿಲಲ್ಲಿ ಇರುತ್ತದೆ. ಆ ಅರ್ಧ ಗಂಟೆಯಲ್ಲಿ ನಾನು ಹುಳುಕನ್ನು ಬೇಗ ಹುಡುಕಬಹುದು, ತುಂಬಬಹುದು, ಹಲ್ಲು ಗಟ್ಟಿ ಮಾಡುವ ಫ್ಲೋರೈಡ್ ಎಂಬ ಖನಿಜದ ವಾರ್ನಿಷ್ ಹಚ್ಚಬಹುದು, ಹೊಸ ದವಡೆ ಹಲ್ಲಿನ ಸಂದಿ ಮುಚ್ಚುವ ಸೀಲಂಟ್ ಎಂಬ ಲೇಪ ಹಾಕಬಹುದು. ಇವೆಲ್ಲ ಉಪಯೋಗದ ಕೆಲಸಗಳೇ. ಆದರೆ ಹಲ್ಲು ಕೆಡುವುದು ನಾನಿಲ್ಲದ ಜಾಗದಲ್ಲಿ.

ಹುಳುಕು ಅನ್ನುವ ಹೆಸರು ಕೇಳಿ ಹುಳ ತಿನ್ನುತ್ತದೆ ಅಂದುಕೊಂಡವರು ಈಗಲೂ ಇದ್ದಾರೆ. ಹಲ್ಲಿನಲ್ಲಿ ಹುಳ ಇರುವುದಿಲ್ಲ. ಹಲ್ಲಿಗೆ ಅಂಟಿದ ಬಿಳಿ ಪಾಚಿಯಂಥ ಪದರದಲ್ಲಿ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಇರುತ್ತವೆ. ನಾವು ತಿಂದ ಸಕ್ಕರೆಯನ್ನು ಅವೂ ತಿಂದು ಆಮ್ಲ ಬಿಡುತ್ತವೆ. ಆಮ್ಲ ಹೆಚ್ಚಿದಷ್ಟೂ ಪಿಎಚ್ ಅನ್ನುವ ಅಳತೆ ಇಳಿಯುತ್ತದೆ. ಬಾಯಿಯ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮೆಲ್, ಅಂದರೆ ಹಲ್ಲಿನ ಗಟ್ಟಿ ಹೊರಪದರ, ಕರಗಲು ಶುರು. ಆಮೇಲೆ ಜೊಲ್ಲು ಬಂದು ಆಮ್ಲವನ್ನು ತೊಳೆದು, ಕಳೆದುಹೋದ ಖನಿಜವನ್ನು ಸ್ವಲ್ಪ ಸ್ವಲ್ಪವೇ ವಾಪಸ್ ಕೂರಿಸುತ್ತದೆ. ಇದಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಅಷ್ಟರೊಳಗೆ ಇನ್ನೊಂದು ಬಿಸ್ಕತ್ತು ಬಾಯಿಗೆ ಬಿದ್ದರೆ? ಮತ್ತೆ ಮೊದಲಿಂದ.

ಹಾಗಾಗಿ ನಾನು ಸಿಹಿ ಎಷ್ಟು ತಿಂದ ಅಂತ ಕೇಳುವುದು ಕಮ್ಮಿ, ಎಷ್ಟು ಸಲ ತಿಂದ ಅಂತ ಕೇಳುವುದು ಜಾಸ್ತಿ. ಒಂದು ಹಾಳೆ ಕೊಟ್ಟು, ಮೂರು ದಿನ ಮಗುವಿನ ಬಾಯಿಗೆ ನೀರು ಬಿಟ್ಟು ಏನೇ ಹೋದರೂ ಟೈಮ್ ಸಮೇತ ಬರೆಯಿರಿ ಅನ್ನುತ್ತೇನೆ. ಒಬ್ಬ ಐದು ವರ್ಷದ ಹುಡುಗ, ನಾಲ್ಕು ದವಡೆ ಹಲ್ಲು ಹುಳುಕು. ಅವನ ಅಮ್ಮ ಖಂಡಿತವಾಗಿ ಹೇಳಿದ್ದರು, "ಚಾಕಲೇಟ್ ನಾವು ಮನೆಗೆ ತರೋದೇ ಇಲ್ಲ." ಹಾಳೆ ಬಂತು. ನಿಜ, ಅದರಲ್ಲಿ ಚಾಕಲೇಟ್ ಇರಲಿಲ್ಲ. ಬೆಳಗ್ಗೆ ಸಕ್ಕರೆ, ಮಾಲ್ಟ್ ಪುಡಿ ಹಾಕಿದ ಹಾಲು. ವ್ಯಾನ್ ಬರುವ ತನಕ ಅಳದಿರಲಿ ಅಂತ ಎರಡು ಬಿಸ್ಕತ್ತು. ತಿಂಡಿಗೆ ಜಾಮ್ ಹಚ್ಚಿದ ಚಪಾತಿ. ಶಾರ್ಟ್ ಬ್ರೇಕಿಗೆ ಕ್ರೀಮ್ ಬಿಸ್ಕತ್ತು. ಮಧ್ಯಾಹ್ನ ಊಟ. ಬಂದ ತಕ್ಷಣ ಪ್ಯಾಕೆಟ್ ಜ್ಯೂಸ್. ಸಂಜೆ ಅಜ್ಜಿಯ ಜೊತೆ ಬೇಕರಿಗೆ ಹೋಗಿ ಒಂದು ದಿಲ್‌ಪಸಂದ್, ಅದನ್ನು ಆಟ ಆಡುತ್ತಾ ಮುಕ್ಕಾಲು ಗಂಟೆ. ರಾತ್ರಿ ಊಟ. ಮಲಗುವಾಗ ಮತ್ತೆ ಹಾಲು. ಒಟ್ಟು ಒಂಬತ್ತು ಸಲ. ಜೊಲ್ಲಿಗೆ ಉಸಿರಾಡಲೂ ಬಿಡುವಿಲ್ಲ!

ಆ ಹಾಳೆಯನ್ನು ನೋಡಿ ಆ ತಾಯಿ ಏನೂ ಹೇಳಲಿಲ್ಲ. ಎರಡನೇ ಸಲ ಹಾಳೆ ಬಂದಾಗ ಅಕ್ಷರ ಬೇರೆ ಇತ್ತು. ಅಜ್ಜಿ ಬರೆದದ್ದು. ಒಂದು ಕಡೆ "ಬಿಸ್ಕತ್ತು 1. ನಾನೇ ಕೊಟ್ಟೆ. ಅಳುತ್ತಿದ್ದ" ಅಂತಿತ್ತು. ಇಷ್ಟು ಪ್ರಾಮಾಣಿಕವಾದ ರೋಗಿಯ ವಿವರ ನನಗೆ ಯಾವ ಡಾಕ್ಟರೂ ಬರೆದುಕೊಟ್ಟಿಲ್ಲ.

ಈ 'ಎಷ್ಟು ಸಲ' ಅನ್ನುವುದು ನನ್ನ ಸ್ವಂತ ಕಲ್ಪನೆ ಏನಲ್ಲ. 1940ರ ದಶಕದ ಕೊನೆಯಲ್ಲಿ ಸ್ವೀಡನ್ನಿನ ವಿಪೆಹೋಲ್ಮ್ ಎಂಬ, ಬುದ್ಧಿಮಾಂದ್ಯತೆ ಇದ್ದವರ ಆಸ್ಪತ್ರೆಯಲ್ಲಿ, ಅಲ್ಲಿದ್ದವರ ಒಪ್ಪಿಗೆಯನ್ನೇ ಪಡೆಯದೆ, ಬೇರೆ ಬೇರೆ ಗುಂಪಿಗೆ ಬೇರೆ ಬೇರೆ ಥರ ಸಕ್ಕರೆ ತಿನ್ನಿಸಿ ನೋಡಿದರು. ಊಟದ ಜೊತೆಗೇ ಸಕ್ಕರೆ ತಿಂದವರಿಗೆ ಹುಳುಕು ಅಷ್ಟೇನೂ ಹೆಚ್ಚಲಿಲ್ಲ. ಊಟದ ನಡುನಡುವೆ ಹಲ್ಲಿಗೆ ಅಂಟುವ ಟಾಫಿ ತಿಂದವರ ಹಲ್ಲು ಹಾಳಾಯಿತು. ಎಷ್ಟು ಉಪಯೋಗದ ಸಂಗತಿಯೋ ಅಷ್ಟೇ ಅಸಹ್ಯದ ಪ್ರಯೋಗ. ಕಾಲೇಜಿನಲ್ಲಿ ಇದನ್ನು ಓದಿದ ದಿನದಿಂದ ಟಾಫಿ ಕಂಡರೆ ಆ ಜನರ ನೆನಪಾಗುತ್ತದೆ.

ಇನ್ನೊಂದು ಕತೆ ನನಗೆ ಇದಕ್ಕಿಂತ ಇಷ್ಟ. ಆಸ್ಟ್ರೇಲಿಯಾದ ಬೌರಲ್ ಊರಲ್ಲಿ ಹೋಪ್‌ವುಡ್ ಹೌಸ್ ಅಂತ ಒಂದು ಮಕ್ಕಳ ಮನೆ ಇತ್ತು. 1940ರ ದಶಕದಲ್ಲಿ ಶುರುವಾಗಿದ್ದು. ಅಲ್ಲಿ ಮಕ್ಕಳಿಗೆ ಹೆಚ್ಚುಕಡಿಮೆ ಸಸ್ಯಾಹಾರ. ತರಕಾರಿ, ಹಣ್ಣು, ಹಾಲು, ತವುಡು ತೆಗೆಯದ ಗೋಧಿ. ಸಕ್ಕರೆ, ಮೈದಾ ಇಲ್ಲವೇ ಇಲ್ಲ ಅನ್ನಬಹುದು. ಆ ಮಕ್ಕಳು ಹಲ್ಲುಜ್ಜುವುದರಲ್ಲಿ ಜಾಣರೇನಲ್ಲ. ಕುಡಿಯುವ ನೀರಿನಲ್ಲಿ ಫ್ಲೋರೈಡೂ ಕಮ್ಮಿ. ಆದರೂ ಹೊರಗಿನ ಶಾಲೆಯ ಮಕ್ಕಳಿಗಿಂತ ಹುಳುಕು ತುಂಬಾ ಕಮ್ಮಿ. ಸುಮಾರು ಹನ್ನೆರಡು ವರ್ಷ ದಾಟಿ ಹೊರಗಿನ ಊಟಕ್ಕೆ ಹೋದ ಮೇಲೆ? ಅವರಿಗೂ ಎಲ್ಲರ ಹಾಗೆ ಹುಳುಕು ಬರತೊಡಗಿತು. ಹಲ್ಲು ಮೊದಲೇ ಗಟ್ಟಿಯಾಗಿದ್ದು ಮುಂದೆ ಅವರನ್ನು ಕಾಪಾಡಲಿಲ್ಲ.

ಹಾಗಂತ ಹೋಳಿಗೆ ಬಿಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಯುಗಾದಿಯ ಹೋಳಿಗೆ ಊಟದ ಎಲೆಯಲ್ಲಿ ಬರುತ್ತದೆ, ಊಟದ ಜೊತೆ ಮುಗಿಯುತ್ತದೆ. ಸಂಕ್ರಾಂತಿಯ ಎಳ್ಳುಬೆಲ್ಲ ಮಾತ್ರ ಕಿಲಾಡಿ. ಹಬ್ಬ ಮುಗಿದು ವಾರವಾದರೂ ಡಬ್ಬಿ ಕೈಗೆ ಸಿಗುವ ಜಾಗದಲ್ಲೇ ಇರುತ್ತದೆ. ಸಕ್ಕರೆ ಅಚ್ಚಂತೂ ಚೀಪುವುದಕ್ಕೆಂದೇ ಮಾಡಿದ ಹಾಗಿದೆ. ಕೊಡಿ, ಆದರೆ ಊಟ ಆದ ಕೂಡಲೇ ಕೊಟ್ಟು ಡಬ್ಬಿ ಎತ್ತಿಡಿ. ಇನ್ನು "ನಾವು ಸಕ್ಕರೆ ಹಾಕಲ್ಲ, ಬೆಲ್ಲ ಹಾಕ್ತೀವಿ" ಅನ್ನುವವರಿಗೆ ಒಂದು ಮಾತು. ಬ್ಯಾಕ್ಟೀರಿಯಾಗೆ ಬೆಲ್ಲ, ಜೇನುತುಪ್ಪ, ಖರ್ಜೂರದ ಪಾಕ ಎಲ್ಲ ಒಂದೇ. ಖಾರದ ಚಿಪ್ಸ್ ಕೂಡ ಒಳ್ಳೆಯ ಹುಡುಗ ಅಲ್ಲ. ಅಗಿದ ಪಿಷ್ಟ ದವಡೆಯ ಸಂದಿಯಲ್ಲಿ ಮೆತ್ತಿಕೊಂಡು ಗಂಟೆಗಟ್ಟಲೆ ಇರುತ್ತದೆ. ನಡುವೆ ಹಸಿವು ಅಂದರೆ ಹುರಿದ ಕಡಲೆಕಾಯಿ, ಸೌತೆಕಾಯಿ, ಒಂದು ಚೂರು ಪನೀರ್. ತೀರಾ ಚಿಕ್ಕ ಮಕ್ಕಳಿಗೆ ಇಡೀ ಕಡಲೆಕಾಯಿ ಬೇಡ, ಗಂಟಲಿಗೆ ಸಿಕ್ಕೀತು.

ರಾತ್ರಿಯ ವಿಷಯಕ್ಕೆ ಬರೋಣ. ನಿದ್ದೆಯಲ್ಲಿ ಜೊಲ್ಲು ತೀರಾ ಕಡಿಮೆಯಾಗುತ್ತದೆ. ಆಗ ಹಾಲಿನ ಬಾಟಲಿ ಬಾಯಲ್ಲೇ ಇದ್ದರೆ ಹಾಲು ಮೇಲಿನ ಮುಂದಿನ ನಾಲ್ಕು ಹಲ್ಲುಗಳ ಸುತ್ತ ನಿಲ್ಲುತ್ತದೆ. ಕೆಳಗಿನ ಮುಂದಿನ ಹಲ್ಲುಗಳನ್ನು ನಾಲಿಗೆ ಮುಚ್ಚಿಕೊಂಡಿರುತ್ತದೆ. ಅದಕ್ಕೇ ಎರಡು ವರ್ಷದ ಮಗುವಿಗೆ ಮೇಲಿನ ನಾಲ್ಕೂ ಕಂದಾಗಿ ಕೆಳಗಿನವು ಬೆಳ್ಳಗಿದ್ದರೆ, ರಾತ್ರಿ ಬಾಟಲಿಯ ಬಗ್ಗೆ ನಾನು ಕೇಳುವ ಮೊದಲೇ ಉತ್ತರ ಗೊತ್ತಿರುತ್ತದೆ.

ಇಷ್ಟೆಲ್ಲ ಮಾತಾಡುವ ನನ್ನ ಮಗಳಿಗೇ ಹುಳುಕಾಗಿತ್ತು. ಆಗ ಅವಳಿಗೆ ನಾಲ್ಕು ವರ್ಷ. ಚಳಿಗಾಲ ಬಂದರೆ ಬೆಂಗಳೂರಿನ ಧೂಳಿಗೆ ಕೆಮ್ಮು. ರಾತ್ರಿ ಹಲ್ಲುಜ್ಜಿಸಿ, ಕತೆ ಹೇಳಿ, ದೀಪ ಆರಿಸುವ ಮುಂಚೆ ಒಂದು ಚಮಚ ಸಿರಪ್. ತಿಂಗಳುಗಟ್ಟಲೆ. ಸ್ಟ್ರಾಬೆರಿ ರುಚಿಯ ಆ ಸಿರಪ್ಪಿನಲ್ಲಿ ಸಕ್ಕರೆ ಇದೆ ಅಂತ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಲೇಬಲ್ ನೋಡುವ ಬುದ್ಧಿ ಬರಲಿಲ್ಲ ಅಷ್ಟೇ. ಮೂಗು ಕಟ್ಟಿ ಬಾಯಿ ತೆರೆದು ಮಲಗುತ್ತಿದ್ದಳು ಬೇರೆ, ಬಾಯಿ ಒಣಗಿರುತ್ತಿತ್ತು. ಎರಡು ದವಡೆ ಹಲ್ಲು ಹೋದವು. ಈಗ ಯಾರೇ ಬಂದರೂ ಔಷಧದ ಬಗ್ಗೆ ಕೇಳುತ್ತೇನೆ. ಸಿರಪ್ ಮೊದಲು, ಬ್ರಷ್ ಆಮೇಲೆ. ಇನ್‌ಹೇಲರ್ ಇದ್ದರೆ ಎಳೆದ ಮೇಲೆ ನೀರಲ್ಲಿ ಮುಕ್ಕಳಿಸಿಸಿ.

ಉಜ್ಜುವ ವಿಷಯದಲ್ಲಿ ದೊಡ್ಡ ತಪ್ಪು ಒಂದೇ. "ಅವನೇ ಉಜ್ಕೋತಾನೆ" ಅನ್ನುವ ಹೆಮ್ಮೆ. ಏಳೆಂಟು ವರ್ಷದ ತನಕ ಮಕ್ಕಳ ಕೈಗೆ ಆ ಹದ ಬಂದಿರುವುದಿಲ್ಲ. ಅವನು ಉಜ್ಜಿಕೊಳ್ಳಲಿ, ಕೊನೆಗೆ ನೀವೊಂದು ಸಲ ಉಜ್ಜಿ. ಮೂರು ವರ್ಷದ ತನಕ ಅಕ್ಕಿ ಕಾಳಷ್ಟು ಪೇಸ್ಟ್, ಆಮೇಲೆ ಆರರ ತನಕ ಬಟಾಣಿ ಕಾಳಷ್ಟು. ಟಿವಿಯಲ್ಲಿ ತೋರಿಸುವ ಹಾಗೆ ಬ್ರಷ್ಷಿನ ಉದ್ದಕ್ಕೂ ಹಾಕಬೇಡಿ. ಪೇಸ್ಟಿನಲ್ಲಿ ಫ್ಲೋರೈಡ್ ಸುಮಾರು 1000 ಪಿಪಿಎಂ ಇದೆಯಾ ಅಂತ ಟ್ಯೂಬಿನ ಹಿಂದೆ ನೋಡಿ. ಕಾರ್ಟೂನ್ ಚಿತ್ರ ಇರುವ ಎಷ್ಟೋ ಪೇಸ್ಟುಗಳಲ್ಲಿ ಅದರ ಅರ್ಧವೂ ಇರುವುದಿಲ್ಲ. ಇನ್ನೊಂದು, ಇದನ್ನು ಹೇಳಿದರೆ ಎಲ್ಲ ಅಜ್ಜಿಯರೂ ನನ್ನನ್ನು ವಿಚಿತ್ರವಾಗಿ ನೋಡುತ್ತಾರೆ: ಪೇಸ್ಟ್ ಉಗುಳಿದ ಮೇಲೆ ಬಾಯಿ ಮುಕ್ಕಳಿಸಬೇಡಿ. ಊಟ, ತಿಂಡಿ ಆದ ಮೇಲೆ ಮುಕ್ಕಳಿಸುವ ನಮ್ಮ ಪದ್ಧತಿ ಬಹಳ ಒಳ್ಳೆಯದು. ಆದರೆ ಬ್ರಷ್ ಆದ ಮೇಲೆ ಮುಕ್ಕಳಿಸಿದರೆ ಹಲ್ಲಿನ ಮೇಲೆ ಉಳಿಯಬೇಕಾದ ಫ್ಲೋರೈಡ್ ಚರಂಡಿ ಪಾಲು.

ಇಲ್ಲಿಗೆ ಬಂದರೆ ಕೋಲಾರ, ಪಾವಗಡ, ಬಾಗೇಪಲ್ಲಿ ಕಡೆಯಿಂದ ಬಂದವರು ಹಿಂದೆ ಸರಿಯುತ್ತಾರೆ. "ಫ್ಲೋರೈಡ್ ವಿಷ ಅಲ್ವಾ ಮೇಡಂ? ನಮ್ಮೂರಲ್ಲಿ ಎಲ್ಲರ ಹಲ್ಲೂ ಕಂದು." ಅವರು ಕಣ್ಣಾರೆ ಕಂಡಿದ್ದಾರೆ, ಅದನ್ನು ತಳ್ಳಿಹಾಕುವ ಹಾಗಿಲ್ಲ. ಆಳದ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ ಇದ್ದು, ಹಲ್ಲು ಒಳಗೆ ಬೆಳೆಯುವ ವಯಸ್ಸಲ್ಲಿ ವರ್ಷಗಟ್ಟಲೆ ಕುಡಿದರೆ ಕಲೆ ಬರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1.5 ತನಕ ಅಂತ ನಮ್ಮ ದೇಶದ ಮಾನದಂಡ. ಆದರೆ ಬೆಂಗಳೂರಿನ ನಲ್ಲಿಗೆ ಬರುವುದು ತೊರೆಕಾಡನಹಳ್ಳಿಯಿಂದ ಪಂಪ್ ಆಗುವ ಕಾವೇರಿ ನೀರು. ಹೊಳೆ ನೀರಲ್ಲಿ ಫ್ಲೋರೈಡ್ ಕಮ್ಮಿ. ಅದನ್ನೂ ಆರ್‌ಓ ಯಂತ್ರಕ್ಕೆ ಹಾಕಿದರೆ ಇದ್ದ ಅಷ್ಟಿಷ್ಟೂ ಹೋಯಿತು. ಟ್ಯಾಂಕರ್ ನೀರು ಕುಡಿಯುವ ಅಪಾರ್ಟ್‌ಮೆಂಟಿನವರು ಒಂದು ಸಲ ಪರೀಕ್ಷೆ ಮಾಡಿಸಿಕೊಳ್ಳಿ. ಅದು ಯಾವ ಬೋರ್‌ವೆಲ್ಲಿನದೋ ಏನೋ. ಬಟಾಣಿ ಕಾಳಷ್ಟು ಪೇಸ್ಟನ್ನು ಉಜ್ಜಿ ಉಗುಳುವುದಕ್ಕೂ ಫ್ಲೋರೈಡ್ ಜಾಸ್ತಿ ಇರುವ ಬೋರ್‌ವೆಲ್ ನೀರನ್ನು ದಿನವೂ ಚೊಂಬುಗಟ್ಟಲೆ ಕುಡಿಯುವುದಕ್ಕೂ ಹೋಲಿಕೆ ಇಲ್ಲ.

ವಂಶದ ಮಾತೂ ಬರುತ್ತದೆ. "ಅವರ ಅಪ್ಪನ ಕಡೆಯವರ ಹಲ್ಲೇ ಸರಿ ಇಲ್ಲ." ಕೆಲವು ಮಕ್ಕಳಿಗೆ ಎನಾಮೆಲ್ ಹುಟ್ಟುತ್ತಲೇ ಮೆದುವಾಗಿರುತ್ತದೆ, ಅವಧಿಗೆ ಮುಂಚೆ ಹುಟ್ಟಿದವರಲ್ಲಿ ಜಾಸ್ತಿ. ಅಂಥವರಿಗೆ ಹೆಚ್ಚು ಎಚ್ಚರ ಬೇಕು. ಆದರೆ ನಾನು ಕಂಡ ಹಾಗೆ ಮನೆಯವರೆಲ್ಲರಿಗೂ ಹರಿದು ಬರುವುದು ಹಲ್ಲಿಗಿಂತ ಹೆಚ್ಚಾಗಿ ಬಿಸ್ಕತ್ತಿನ ಡಬ್ಬಿ. ಬ್ಯಾಕ್ಟೀರಿಯಾ ಕೂಡ ಹರಿದು ಬರುತ್ತವೆ, ಅಮ್ಮ ಚೀಪಿ ನೋಡಿದ ಚಮಚದಿಂದಲೇ. ಎಂಜಲು ಅಂತ ಹಿರಿಯರು ಗದರುತ್ತಿದ್ದರಲ್ಲ, ಅದು ಇಲ್ಲಿ ಕೆಲಸಕ್ಕೆ ಬರುತ್ತದೆ. ಹಾಗಂತ ಮಗುವಿಗೆ ಮುತ್ತು ಕೊಡಲೂ ಹೆದರಬೇಡಿ. ನಿಮ್ಮ ಹುಳುಕು ಹಲ್ಲನ್ನು ಮೊದಲು ತುಂಬಿಸಿಕೊಳ್ಳಿ.

ಮೊದಲೆಲ್ಲ ನಾನು ಉಪದೇಶ ಮಾಡುತ್ತಿದ್ದೆ. ಈಗ ಕೇಳುತ್ತೇನೆ: ಮಗುವನ್ನು ರಾತ್ರಿ ಮಲಗಿಸುವವರು ಯಾರು? ಪೀಣ್ಯದ ಗಾರ್ಮೆಂಟ್ ಫ್ಯಾಕ್ಟರಿಯಿಂದ ಏಳೂವರೆಗೆ ಮನೆಗೆ ಬಂದು ಅಡುಗೆ ಮಾಡುವ ತಾಯಿಗೆ "ಎರಡು ನಿಮಿಷ ಉಜ್ಜಿಸಿ" ಅನ್ನುವುದು ಸುಲಭ. ಅಳುವ ಮಗುವಿಗೆ ಐದು ರೂಪಾಯಿಯ ಬಿಸ್ಕತ್ತಿಗಿಂತ ಅಗ್ಗದ ಸಮಾಧಾನ ಅವರ ಬೀದಿಯಲ್ಲಿ ಸಿಗುವುದಿಲ್ಲ. ಅವರಿಗೆ ನಾನು ಒಂದೇ ಒಂದು ಕೆಲಸ ಹೇಳುತ್ತೇನೆ, ರಾತ್ರಿ ಬ್ರಷ್ ಆದ ಮೇಲೆ ನೀರು ಬಿಟ್ಟು ಬೇರೇನೂ ಬೇಡ ಅಂತ. ಬೆಳಗ್ಗೆಯದನ್ನು ಆಮೇಲೆ ನೋಡೋಣ.

ಎಲ್ಲ ಕೇಳಿದ ಮೇಲೆ ಕೆಲವರು, "ಹಾಗಾದ್ರೆ ಚೆಕಪ್ಪಿಗೆ ಬರೋದೇ ಬೇಡ್ವಾ?" ಅನ್ನುತ್ತಾರೆ. ಬನ್ನಿ. ಆದರೆ ತಿಂಗಳಿಗೊಂದು ಸಲ ಬೆಳಕಿಗೆ ನಿಲ್ಲಿಸಿಕೊಂಡು ಮಗುವಿನ ಮೇಲ್ತುಟಿ ಎತ್ತಿ ನೋಡಿ. ವಸಡಿನ ಅಂಚಿನಲ್ಲಿ ಸುಣ್ಣ ಬಳಿದ ಹಾಗೆ ಬಿಳಿ ಗೆರೆ ಇದ್ದರೆ ಅದು ಹುಳುಕಿನ ಮೊದಲ ಗುರುತು. ತೂತು ಬೀಳುವ ಮುಂಚಿನ ಆ ಹಂತದಲ್ಲಿ ಅದನ್ನು ಅಲ್ಲೇ ನಿಲ್ಲಿಸಬಹುದು. ಆರು ವರ್ಷದ ಹೊತ್ತಿಗೆ ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆ, ಸದ್ದಿಲ್ಲದೆ ಒಂದು ದವಡೆ ಹಲ್ಲು ಹುಟ್ಟುತ್ತದೆ. ಅದನ್ನೂ ನೋಡಿ. ಹಾಲುಹಲ್ಲು ತಾನೇ, ಬೀಳುತ್ತದೆ ಅಂತ ಸುಮ್ಮನಾಗುವವರೇ ಜಾಸ್ತಿ. ಅದು ಬೀಳುವ ಹಲ್ಲಲ್ಲ.