ಶುಗರ್ ಪಟ್ಟಿಯ ಡಬ್ಬಿಯಲ್ಲಿ ಬೆಂಕಿಕಡ್ಡಿ

ಕಳೆದ ಶ್ರಾವಣದಲ್ಲಿ ಖಾನಾಪುರ ತಾಲ್ಲೂಕಿನ ಜಾಂಬೋಟಿಯ ಆಚೆ, ಗೆಳೆಯನೊಬ್ಬನ ಗದ್ದೆಯ ದಂಡೆಯಲ್ಲಿ ಟೆಂಟ್ ಹಾಕಿಕೊಂಡು ನಾವು ನಾಲ್ವರು ಎರಡು ರಾತ್ರಿ ಕಳೆದೆವು. ಮಲಪ್ರಭೆ ಹುಟ್ಟುವ ಕಣಕುಂಬಿ ಅಲ್ಲಿಂದ ದೂರವಿಲ್ಲ. ಆ ಸೀಮೆಯ ಮಳೆ ಒಮ್ಮೆ ಹಿಡಿದರೆ ಬಿಡುವ ಮಾತೇ ಇಲ್ಲ. ಮೊದಲ ರಾತ್ರಿಯೇ ಚೀಲದ ತಳಕ್ಕೆ ನೀರಿಳಿದು, ಎರಡು ಸುತ್ತು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಟ್ಟಿದ್ದ ಕಡ್ಡಿಪೆಟ್ಟಿಗೆ ತೊಯ್ದು ಮುದ್ದೆಯಾಗಿತ್ತು. ಬೆಳಿಗ್ಗೆ ಚಹಾ ಇಲ್ಲದೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ ತಿನ್ನುತ್ತ ನಡುಗುತ್ತಿದ್ದಾಗ, ಅದೇ ಚೀಲದ ಅದೇ ತಳದಲ್ಲಿದ್ದ ಪುಟ್ಟ ಡಬ್ಬಿಯೊಂದರ ಮಾತ್ರೆಗಳು ಮಾತ್ರ ಹನಿ ನೀರೂ ತಾಕದೆ ಉಳಿದಿದ್ದನ್ನು ಕಂಡೆ. ಅದು ನಮ್ಮ ತಂದೆಯವರು ಮನೆಯಲ್ಲಿಯೇ ಶುಗರ್ ಪರೀಕ್ಷಿಸಿಕೊಳ್ಳಲು ಬಳಸುವ ಪಟ್ಟಿಗಳ ಖಾಲಿ ಡಬ್ಬಿ. ತಿಂಗಳಿಗೊಂದರಂತೆ ಅದನ್ನು ನಾನೇ ಕಸದ ಬುಟ್ಟಿಗೆ ಹಾಕುತ್ತಿದ್ದೆ.

ಊರಿಗೆ ಮರಳಿದ ಮೇಲೆ ಆ ಡಬ್ಬಿಯನ್ನು ತಿರುವಿ ಮುರುವಿ ನೋಡಿದೆ. ಹೆಬ್ಬೆರಳಿಗಿಂತ ತುಸು ದಪ್ಪ. ಮುಚ್ಚಳ ಕಳೆದುಹೋಗದಂತೆ ಡಬ್ಬಿಗೇ ಅಂಟಿಕೊಂಡಿದೆ. ಒತ್ತಿದರೆ 'ಟಕ್' ಎಂದು ಕೂರುತ್ತದೆ, ತೆಗೆಯಬೇಕಾದರೆ ಹೆಬ್ಬೆರಳಿನಿಂದ ಬಲವಾಗಿಯೇ ಎತ್ತಬೇಕು. ಗಾಳಿಯ ತೇವ ತಾಕಿದರೆ ಆ ಪಟ್ಟಿಗಳು ಕೆಟ್ಟು ತಪ್ಪು ಲೆಕ್ಕ ತೋರಿಸುತ್ತವೆ. ಆದ್ದರಿಂದಲೇ ತಯಾರಕರು ಮುಚ್ಚಳವನ್ನು ಅಷ್ಟು ಬಿಗಿಯಾಗಿ ಮಾಡಿ, ಡಬ್ಬಿಯ ಒಳಗೋಡೆಗೆ ತೇವ ಹೀರುವ ಪದರವನ್ನೂ ಕೂರಿಸಿರುತ್ತಾರೆ. ನೀರಿನಲ್ಲಿ ನೊರೆಯೆದ್ದು ಕರಗುವ ವಿಟಮಿನ್ ಗುಳಿಗೆಗಳ ಉದ್ದನೆಯ ಕೊಳವೆಯ ಮುಚ್ಚಳದಲ್ಲಿಯೂ ಇಂಥದೇ ವ್ಯವಸ್ಥೆ ಇರುತ್ತದೆ. ಇವುಗಳನ್ನು ನೀರಿನಲ್ಲಿ ತೊಳೆಯಬಾರದು. ತೊಳೆದರೆ ಆ ಪದರ ಅಲ್ಲಿಯೇ ನೀರು ಕುಡಿದು ನಿರುಪಯೋಗಿಯಾಗುತ್ತದೆ. ಒಣ ಬಟ್ಟೆಯಿಂದ ಒರೆಸಿದರೆ ಸಾಕು. ಕೆಲವರು ರಕ್ತ ತಾಕಿದ ಹಳೆಯ ಪಟ್ಟಿಗಳನ್ನು ಅದೇ ಡಬ್ಬಿಗೆ ತುಂಬುವುದುಂಟು. ಅಂಥ ಡಬ್ಬಿಯನ್ನು ಬೇರಾವುದಕ್ಕೂ ಬಳಸದೆ ಎಸೆಯುವುದೇ ಸರಿ.

ಈಗ ನನ್ನ ಬೆಂಕಿಕಡ್ಡಿಗಳು ಅದರಲ್ಲಿಯೇ ಇರುತ್ತವೆ. ಇಲ್ಲೊಂದು ಎಚ್ಚರಿಕೆಯನ್ನು ಹೇಳಲೇಬೇಕು. ನಮ್ಮ ಕಡ್ಡಿಪೆಟ್ಟಿಗೆಯ ಕಡ್ಡಿ ಎಲ್ಲೆಂದರಲ್ಲಿ ಗೀರಿದರೆ ಹತ್ತುವುದಿಲ್ಲ. ಪೆಟ್ಟಿಗೆಯ ಬದಿಯ ಕಂದು ಪಟ್ಟಿಯಲ್ಲಿ ಕೆಂಪು ರಂಜಕವಿರುತ್ತದೆ, ಕಡ್ಡಿಯ ತಲೆಯಲ್ಲಿ ಪೊಟ್ಯಾಸಿಯಮ್ ಕ್ಲೋರೇಟ್ ಇರುತ್ತದೆ, ಎರಡೂ ಉಜ್ಜಿದಾಗಲೇ ಕಿಡಿ. ಆದ್ದರಿಂದ ಬದಿಯ ಪಟ್ಟಿಯನ್ನು ಕತ್ತರಿಸಿ ಜೊತೆಗೆ ಒಯ್ಯಲೇಬೇಕು, ಆದರೆ ಕಡ್ಡಿಗಳಿರುವ ಡಬ್ಬಿಯಲ್ಲಿಯೇ ಹಾಕಬಾರದು. ನಡೆಯುವಾಗಿನ ಅಲುಗಾಟಕ್ಕೆ ಅವು ಒಂದಕ್ಕೊಂದು ಉಜ್ಜಿಕೊಳ್ಳುವುದು ಬೇಡ. ನಾನು ಅದಕ್ಕೆಂದೇ ಎರಡನೆಯ ಡಬ್ಬಿಯನ್ನು ಇಟ್ಟಿದ್ದೇನೆ.

ಕಡ್ಡಿ ಹತ್ತಿದರೂ ಒದ್ದೆ ಕಟ್ಟಿಗೆ ಹತ್ತಬೇಕಲ್ಲ? ಅದಕ್ಕೆ ದೇವರ ಮನೆಯ ಹೂಬತ್ತಿಗಿಂತ ಒಳ್ಳೆಯ ವಸ್ತುವನ್ನು ನಾನು ಕಂಡಿಲ್ಲ. ಹತ್ತಿಯ ಹೂಬತ್ತಿಗಳನ್ನು ವ್ಯಾಸ್ಲಿನ್‌ನಲ್ಲಿ ಚೆನ್ನಾಗಿ ನಾದಿ, ಥೈರಾಯ್ಡ್ ಮಾತ್ರೆಯ ಖಾಲಿ ಬಾಟಲಿಗೆ ಒತ್ತಿ ತುಂಬಿದರೆ ಇಪ್ಪತ್ತರಷ್ಟು ಹಿಡಿಯುತ್ತವೆ. ತುದಿಯನ್ನು ತುಸು ಬಿಡಿಸಿ ಬೆಂಕಿ ತಾಕಿಸಿದರೆ, ಸಣ್ಣ ಪುರುಳೆಗಳು ಹೊಗೆಯಾಡಿ ಉರಿ ಹಿಡಿಯುವವರೆಗೂ ಅದು ಸಮಾಧಾನದಿಂದ ಉರಿಯುತ್ತದೆ. ತುಪ್ಪದಲ್ಲಿ ಅದ್ದಿದರೂ ನಡೆಯುತ್ತದೆ, ಆದರೆ ನಮ್ಮ ಕಡೆಯ ಬೇಸಿಗೆಗೆ ತುಪ್ಪ ಕರಗಿ ಒಸರುತ್ತದೆ, ಇರುವೆಗಳನ್ನು ಕರೆಯುತ್ತದೆ.

ಡಬ್ಬಿಯ ಯೋಗ್ಯತೆಯೆಲ್ಲ ಅದರ ಮುಚ್ಚಳದಲ್ಲಿದೆ ಎಂದು ನಾನು ನಂಬಿದ್ದೇನೆ. ಆದ್ದರಿಂದ ಪರೀಕ್ಷೆ ಮಾಡದೆ ಯಾವುದನ್ನೂ ಚೀಲಕ್ಕೆ ಹಾಕುವುದಿಲ್ಲ. ಕಾಗದದ ತುಣುಕಿನ ಮೇಲೆ ಶಾಯಿಯ ಪೆನ್ನಿನಿಂದ ಎರಡು ಗೆರೆ ಎಳೆದು ಮಡಿಸಿ ಒಳಗಿಟ್ಟು, ಡಬ್ಬಿಯನ್ನು ಅರ್ಧ ಗಂಟೆ ಬಿಸಿಲಿನಲ್ಲಿಟ್ಟು, ಆಮೇಲೆ ಮುಚ್ಚಿ, ಕಲ್ಲು ಕಟ್ಟಿ ತಣ್ಣೀರಿನ ಬಕೆಟ್‌ನಲ್ಲಿ ರಾತ್ರಿಯಿಡೀ ಮುಳುಗಿಸುತ್ತೇನೆ. ಬಿಸಿಲಿಗೆ ಇಡುವುದು ಸುಮ್ಮನೆ ಅಲ್ಲ. ಒಳಗಿನ ಬೆಚ್ಚನೆಯ ಗಾಳಿ ತಣಿದಾಗ ಅದರ ಒತ್ತಡ ಕುಗ್ಗಿ, ಸಡಿಲ ಮುಚ್ಚಳವಿದ್ದರೆ ಹೊರಗಿನ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಹಗಲು ಬಿಸಿಲಿನಲ್ಲಿ ನಡೆದು ಸಂಜೆ ಹಳ್ಳಕ್ಕಿಳಿದಾಗ ಆಗುವುದೂ ಇದೇ. ಬೆಳಿಗ್ಗೆ ಗೆರೆಗಳು ಹಾಗೆಯೇ ಇದ್ದರೆ ಡಬ್ಬಿ ಗೆದ್ದಂತೆ, ಶಾಯಿ ಹರಡಿದ್ದರೆ ಅದಕ್ಕೆ ಗುಂಡಿ, ಸೂಜಿ, ದಾರದ ಕೆಲಸ. ಹಾಗೆ ಸೋತವುಗಳಲ್ಲಿ ಚೆಂದದ ತಿರುಪಿನ ಮುಚ್ಚಳದವೇ ಹೆಚ್ಚು ಎಂಬುದು ನನಗೂ ಆಶ್ಚರ್ಯ ತಂದಿತು. ಪಂಕ್ಚರ್ ಅಂಗಡಿಯಲ್ಲಿ ಸಿಗುವ ಹಳೆಯ ಸೈಕಲ್ ಟ್ಯೂಬನ್ನು ಬಳೆಯಂತೆ ಕತ್ತರಿಸಿ ಮುಚ್ಚಳದ ಸಂದಿಯ ಮೇಲೆ ಏರಿಸಿದರೆ ಕೆಲವು ಸುಧಾರಿಸುತ್ತವೆ.

ಹಳೆಯ ಕ್ಯಾಮೆರಾ ರೀಲಿನ ಕಪ್ಪು ಡಬ್ಬಿಗಳನ್ನು ನೆನಪಿಟ್ಟಿರುವವರು ಇನ್ನೂ ಇದ್ದಾರೆ. ಒಂದು ಕಾಲಕ್ಕೆ ಫೋಟೋ ಸ್ಟುಡಿಯೋದವರು ಚೀಲಗಟ್ಟಲೆ ಹೊರಗೆ ಹಾಕುತ್ತಿದ್ದ ಆ ಡಬ್ಬಿಗಳಲ್ಲಿ ಆರು ನನ್ನಲ್ಲಿ ಉಳಿದಿವೆ. ಯುಗಾದಿಯ ಮುಂಚೆ ಹೆಗಲ ಮೇಲೆ ಹೊರುವ ಮಲ್ಲಯ್ಯನ ಕಂಬಿಯೊಂದಿಗೆ ಶ್ರೀಶೈಲಕ್ಕೆ ನಡೆಯುವ ನಮ್ಮ ಕಡೆಯ ಜನರಿಗೆ, ಆತ್ಮಕೂರು ದಾಟಿ ನಲ್ಲಮಲೆಯ ಕಾಡು ಹೊಕ್ಕು ಭೀಮನಕೊಳ್ಳ ಇಳಿದು ಏರುವಾಗಿನ ಬಿಸಿಲು ಎಂಥದೆಂದು ಹೇಳಬೇಕಾಗಿಲ್ಲ. ಬೆವರಿ, ವಾಂತಿಯಾಗಿ, ಭೇದಿಯಾಗಿ ಕುಸಿದವರಿಗೆ 1 ಲೀಟರ್ ಶುದ್ಧ ನೀರಿಗೆ 6 ಸಮಮಟ್ಟದ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕಲಸಿ ಗುಟುಕು ಗುಟುಕಾಗಿ ಕುಡಿಸುವುದು ಎಲ್ಲರೂ ಬಲ್ಲ ಉಪಚಾರ. ಚಮಚಕ್ಕೆ 5 ಮಿಲಿಲೀಟರಿನಂತೆ ಲೆಕ್ಕ ಹಾಕಿದರೆ ಇಷ್ಟೂ ಸೇರಿ ಒಂದು ರೀಲಿನ ಡಬ್ಬಿಗೆ ಸರಿಯಾಗಿ ಹಿಡಿಸುತ್ತದೆ. ಮನೆಯಲ್ಲಿಯೇ ಅಳೆದು ತುಂಬಿಟ್ಟರೆ, ದಾರಿಯಲ್ಲಿ ಗಾಬರಿಯ ಕೈ ಉಪ್ಪನ್ನು ಹೆಚ್ಚು ಸುರಿಯುವ ಭಯವಿಲ್ಲ. ಹೆಚ್ಚಾದ ಉಪ್ಪು, ಅದರಲ್ಲೂ ಮಕ್ಕಳಿಗೆ, ಅಪಾಯ. ಡಬ್ಬಿಯ ಮೇಲೆ '1 ಲೀಟರ್ ನೀರಿಗೆ' ಎಂದು ಬರೆದ ಚೀಟಿಯನ್ನು ಅಂಟಿಸಿದ್ದೇನೆ.

ಹಿಂಗಿನ ಡಬ್ಬಿ ಗಟ್ಟಿಯೇ, ಆದರೆ ಅದರ ವಾಸನೆ ಸಾಯುವವರೆಗೂ ಬಿಡದು. ಅದು ಮೀನಿನ ಗಾಳ, ಸೇಫ್ಟಿ ಪಿನ್ನಿಗೆ ಸರಿ. ಗಾಜಿನ ಸೀಸೆಗಳನ್ನು ನಾನು ಒಯ್ಯುವುದಿಲ್ಲ. ಹೊಲಕ್ಕೆ ಹೊಡೆಯುವ ಎಣ್ಣೆಯ (ಕೀಟನಾಶಕದ) ಡಬ್ಬಿ, ಫಿನಾಯಿಲ್ ಬಾಟಲಿಗಳನ್ನು ಎಷ್ಟು ಸಲ ತೊಳೆದರೂ ಯಾವುದಕ್ಕೂ ಬಳಸಬಾರದು; ಈ ಮಾತಿನಲ್ಲಿ ರಿಯಾಯಿತಿ ಇಲ್ಲ. ಮಾತ್ರೆಗಳನ್ನು ಸ್ಟ್ರಿಪ್ಪಿನಿಂದ ಬಿಡಿಸಿ ಬೆರೆಸುವುದೂ ತಪ್ಪು. ಹೆಸರು, ಅವಧಿ ಮುಗಿಯುವ ದಿನಾಂಕ ಕಾಣುವಂತೆ ಸ್ಟ್ರಿಪ್ಪನ್ನೇ ಕತ್ತರಿಸಿ ಸುರುಳಿ ಮಾಡಿ ಇಡಬೇಕು.

ಇದು ತಿರುಗಾಟದವರ ಹವ್ಯಾಸ ಮಾತ್ರ ಎಂದು ನಾನೂ ಎಣಿಸಿದ್ದೆ. ರಾಮದುರ್ಗ ತಾಲ್ಲೂಕಿನ ಹೊಳೆಯ ದಂಡೆಯ ಊರಿನಲ್ಲಿ ನಮ್ಮ ಚಿಗವ್ವನ ಮನೆಯಿದೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಊರೊಳಗೆ ಬಂದಾಗ ಉಟ್ಟ ಸೀರೆಯಲ್ಲಿಯೇ ಹೊರಬಿದ್ದ ಆಕೆ, ಪರಿಹಾರ ಕೇಂದ್ರದಲ್ಲಿ ಕುಳಿತು ಎರಡು ದಿನ ತನ್ನ ಬಿ.ಪಿ. ಮಾತ್ರೆಗಾಗಿ ಪರದಾಡಿದರು, ಮಾತ್ರೆಗಳೆಲ್ಲ ಗೂಡಿನಲ್ಲಿಯೇ ಕೆಸರಾಗಿದ್ದವು. ಈ ವರ್ಷ ಮಳೆಗಾಲಕ್ಕೆ ಮೊದಲು ಆಕೆಗೆ ಅಗಲ ಬಾಯಿಯ ಹಾರ್ಲಿಕ್ಸ್ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಸಿದ್ಧಪಡಿಸಿ ಕೊಟ್ಟೆ. ಅದರೊಳಗೆ ಪರೀಕ್ಷೆ ಗೆದ್ದ ಸಣ್ಣ ಡಬ್ಬಿಗಳು: ಏಳು ದಿನದ ಮಾತ್ರೆ, ಬೆಂಕಿಕಡ್ಡಿ, ಹೂಬತ್ತಿ, ಸಕ್ಕರೆ-ಉಪ್ಪು, ಸುರುಳಿ ಸುತ್ತಿದ ಐದು ನೂರು ರೂಪಾಯಿ, ಮಕ್ಕಳ ಫೋನ್ ನಂಬರುಗಳ ಚೀಟಿ. ಬಾಗಿಲ ಪಕ್ಕದ ಮೊಳೆಗೆ ಅದನ್ನು ಹಗ್ಗದಿಂದ ತೂಗುಹಾಕಿದ್ದಾರೆ.

ಹೋದ ವಾರ ಹೋದಾಗ ಆ ಡಬ್ಬಿಯನ್ನು ಬಿಚ್ಚಿ ನೋಡಿದೆ. ನಾನು ಇಡದ ಒಂದು ಡಬ್ಬಿ ಅದರಲ್ಲಿತ್ತು. ಕಣ್ಣಿನ ಮುಲಾಮಿನದಿರಬೇಕು, ಹೆಬ್ಬೆರಳ ಉಗುರಿನಷ್ಟೇ ಅಗಲ, ಒಳಗೆ ಯಲ್ಲಮ್ಮನ ಗುಡ್ಡದಿಂದ ತಂದ ಭಂಡಾರ, ಅಂದರೆ ದೇವಿಯ ಅರಿಶಿನ. ನಾನು ಮುಚ್ಚಳವನ್ನು ಒತ್ತಿ ನೋಡುತ್ತಿದ್ದುದನ್ನು ಕಂಡು ಚಿಗವ್ವ ಒಲೆಯ ಮುಂದಿನಿಂದಲೇ ಹೇಳಿದರು: "ಅದನ್ನೂ ರಾತ್ರಿಯೆಲ್ಲಾ ಬಕೀಟನ್ಯಾಗ ಮುಳಗಿಸಿಟ್ಟ ನೋಡೇನಿ ತಮ್ಮಾ, ಒಂದ ಹನಿ ಇಳದಿಲ್ಲ."